ಅಖಾಡ ಬಿಡುವ ಹೊತ್ತು

"ಇನ್ನೊಂದು ತುತ್ತು ಬೇಕು ಅನ್ನುವಾಗಲೇ ಕೈ ತೊಳೆಯಬೇಕು" ಎಂದು ಮನೆಯ ಹಿರಿಯರು ಊಟದ ಬಗ್ಗೆ ಹೇಳುವುದುಂಟು. ಆ ಮಾತನ್ನು ನಾವು ಆಟಗಾರರಿಗೂ ಅನ್ವಯಿಸಿಬಿಟ್ಟಿದ್ದೇವೆ. ದೊಡ್ಡ ಆಟಗಾರನೊಬ್ಬ ಸೋತ ಮರುದಿನ ನಮ್ಮ ಸೇಡಂ ಬಸ್ ನಿಲ್ದಾಣದಲ್ಲಿ ಪೇಪರು ಬಿಡಿಸಿದವರದ್ದೂ, ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವವರದ್ದೂ ಒಂದೇ ತೀರ್ಪು: "ಗೆದ್ದಾಗಲೇ ಬಿಟ್ಟಿದ್ರ ಛಲೋ ಇತ್ರಿ ಅಕ್ಕೋರೆ. ಈಗ ನೋಡ್ರಿ, ಹೆಸರು ಕೆಡಸ್ಕೊಂಡ." ಕೇಳಲು ಹಿತವಾದ ಮಾತು. ಆದರೆ ಅದು ಎಷ್ಟು ಸರಿ ಎಂದು ಯಾರೂ ತೂಗಿ ನೋಡಿದಂತಿಲ್ಲ.

ನಮ್ಮ ಕಡೆಯ ಜಾತ್ರೆಯ ಕುಸ್ತಿಗಳನ್ನೇ ನೋಡಿ. ತೆಂಗಿನಕಾಯಿಯ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಕಡಗದ ಕುಸ್ತಿಯಲ್ಲಿ ಮುಗಿಯುತ್ತದೆ. ಸಣ್ಣ ಹುಡುಗರು ಕಾಯಿಗೆ ಹಿಡಿದರೆ, ಹೆಸರಾದ ಪೈಲ್ವಾನರು ಕಡಗಕ್ಕೆ ಹಿಡಿಯುತ್ತಾರೆ. ಕಡಗ ತೊಟ್ಟವನಿಗೆ ಬರುವ ವರ್ಷವೂ ಕರೆ ಬರುತ್ತದೆ, ಅದರ ಮುಂದಿನ ವರ್ಷವೂ ಬರುತ್ತದೆ. ಜನರಿಗೆ ಅವನ ಕೈಯ ಕಡಗ ಕಾಣುತ್ತದೆ, ಮೊಣಕಾಲಿನ ನೋವು ಕಾಣುವುದಿಲ್ಲ. ಅದನ್ನು ಬಲ್ಲವರು ಇಬ್ಬರೇ: ಅವನ ವಸ್ತಾದ ಮತ್ತು ರಾತ್ರಿ ಎಣ್ಣೆ ಹಚ್ಚಿ ತಿಕ್ಕುವ ಅವನ ಹೆಂಡತಿ.

ಮೈಗೆ ಮೈ ಕೊಟ್ಟು ಆಡುವ ಆಟಗಳಲ್ಲಿ ಈ ಪ್ರಶ್ನೆ ಹೆಚ್ಚು ಕಠೋರ. ಹೆವಿವೇಟ್ ಬಾಕ್ಸಿಂಗ್‌ನಲ್ಲಂತೂ ಅದು ಜೀವದ ಪ್ರಶ್ನೆ. ಅಮೆರಿಕದ ರಾಕಿ ಮಾರ್ಸಿಯಾನೊ 49 ಪಂದ್ಯಗಳಲ್ಲಿ 49ನ್ನೂ ಗೆದ್ದು 1956ರಲ್ಲಿ, ತನ್ನ 32ನೆಯ ವಯಸ್ಸಿನಲ್ಲಿ ಕೈಗವಸು ಕಳಚಿಟ್ಟರು. "ಗೆದ್ದಾಗಲೇ ಬಿಡಬೇಕು" ಎನ್ನುವವರಿಗೆ ಅವರೇ ಆದರ್ಶ. ಇನ್ನೊಂದು ತುದಿಯಲ್ಲಿ ಮುಹಮ್ಮದ್ ಅಲಿ. 1979ರಲ್ಲಿ ನಿವೃತ್ತಿ ಘೋಷಿಸಿದ್ದವರು ಮರುವರ್ಷ ಮರಳಿ ಬಂದರು. 38 ವರ್ಷದ ಅಲಿಯನ್ನು, ಒಂದು ಕಾಲಕ್ಕೆ ಅಭ್ಯಾಸದಲ್ಲಿ ಅವರಿಗೇ ಜೊತೆಯಾಗಿದ್ದ ಲ್ಯಾರಿ ಹೋಮ್ಸ್ ಹೊಡೆದು ಸುಸ್ತು ಮಾಡಿದರು. ಹತ್ತನೆಯ ಸುತ್ತಿನ ಕೊನೆಗೆ ಅಲಿಯ ತರಬೇತುದಾರ ಏಂಜೆಲೊ ಡಂಡೀ ಸಾಕೆಂದು ಪಂದ್ಯ ನಿಲ್ಲಿಸಿದರು. ಅಷ್ಟಾದರೂ 1981ರ ಡಿಸೆಂಬರಿನಲ್ಲಿ ಬಹಾಮಾಸ್‌ನಲ್ಲಿ ಇನ್ನೊಂದು ಪಂದ್ಯ, ಇನ್ನೊಂದು ಸೋಲು. 1984ರಲ್ಲಿ ಅವರಿಗೆ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳಿವೆ ಎಂದು ವೈದ್ಯರು ಹೇಳಿದರು. ಆಮೇಲೆ 2016ರಲ್ಲಿ ತೀರಿಕೊಳ್ಳುವವರೆಗೆ ನಡುಗುವ ಕೈಗಳಲ್ಲೇ ಬದುಕಿದರು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಅಲಿಯ ವೈದ್ಯ ಫರ್ಡಿ ಪಚೆಕೊ "ಇನ್ನು ಸಾಕು" ಎಂದದ್ದು ಅವರು ಸೋತಾಗಲ್ಲ. 1977ರಲ್ಲಿ ಅರ್ನಿ ಶೇವರ್ಸ್ ಎಂಬ ಬಲಶಾಲಿಯನ್ನು ಅಲಿ 15 ಸುತ್ತುಗಳ ಹೋರಾಟದಲ್ಲಿ ಗೆದ್ದಿದ್ದರು. ಊರೆಲ್ಲ ಚಪ್ಪಾಳೆ ತಟ್ಟುತ್ತಿದ್ದ ಆ ಹೊತ್ತಿನಲ್ಲೇ ಮೂತ್ರಪಿಂಡ ಹದಗೆಡುತ್ತಿರುವ ವರದಿ ವೈದ್ಯರ ಕೈ ಸೇರಿತು. ಅವರು ಸುತ್ತಲಿನವರಿಗೆಲ್ಲ ಎಚ್ಚರಿಕೆ ಕೊಟ್ಟರು. ಯಾರೂ ಕಿವಿಗೊಡದಿದ್ದಾಗ ತಾವೇ ಆ ಬಳಗ ಬಿಟ್ಟು ಹೊರಬಂದರು. ಅಂದರೆ ಬಿಡುವ ಹೊತ್ತು ಗೆಲುವಿನ ಬೆನ್ನ ಹಿಂದೆಯೇ ಬಂದು ನಿಂತಿತ್ತು. ಗೆಲುವು ಸೋಲುಗಳನ್ನಷ್ಟೇ ಎಣಿಸುವ ನಮ್ಮ ಲೆಕ್ಕಕ್ಕೆ ಅದು ಸಿಗುವುದಿಲ್ಲ. ಗೆಲ್ಲುವವನಿಗೆ "ಬಿಡು" ಎಂದು ಹೇಳುವವರಾದರೂ ಯಾರು? ಅವನ ದುಡಿಮೆಯ ಮೇಲೆ ಹತ್ತಾರು ಮನೆಗಳ ಒಲೆ ಉರಿಯುತ್ತಿರುತ್ತವೆ.

ನಮ್ಮ ಕರ್ನಾಟಕದಲ್ಲೂ ಒಂದು ಉದಾಹರಣೆಯಿದೆ. ಅನಿಲ್ ಕುಂಬ್ಳೆ 1999ರ ಫೆಬ್ರುವರಿಯಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತವರು. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು ಬಂದು ಲಾರಾ ವಿಕೆಟ್ ಪಡೆದವರು. 2008ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದ ವಿರುದ್ಧ ಬೆಂಗಳೂರಿನಲ್ಲಿ, ತಮ್ಮ ಊರ ಜನರ ಕಣ್ಣೆದುರಿಗೇ, ಅವರಿಗೆ ಒಂದು ವಿಕೆಟ್ಟೂ ಸಿಗಲಿಲ್ಲ. ಮೊಹಾಲಿಯ ಪಂದ್ಯಕ್ಕೆ ಭುಜದ ನೋವು ಅಡ್ಡ ಬಂತು. ಅಲ್ಲಿ ಹೊಸ ಹುಡುಗ ಅಮಿತ್ ಮಿಶ್ರಾ ಮೊದಲ ಟೆಸ್ಟಿನಲ್ಲೇ ಐದು ವಿಕೆಟ್ ಕಬಳಿಸಿದರು, ಭಾರತ ಗೆದ್ದಿತು. ಮುಂದಿನ ಪಂದ್ಯ ಅದೇ ದೆಹಲಿಯಲ್ಲಿ. ಎಡಗೈ ಬೆರಳು ಸೀಳಿ ಹೊಲಿಗೆ ಬಿದ್ದವು. ಹೊಲಿಗೆ ಹಾಕಿದ ಕೈಯಲ್ಲೇ ಬಂದು ಬೌಲ್ ಮಾಡಿ, ನವೆಂಬರ್ 2ರಂದು ಕುಂಬ್ಳೆ ಆಟ ಬಿಟ್ಟರು. ಆಗ ಅವರಿಗೆ 38 ವರ್ಷ, ಹೆಸರಿನಲ್ಲಿ 619 ಟೆಸ್ಟ್ ವಿಕೆಟ್, ಮೇಲಾಗಿ ತಂಡದ ನಾಯಕ.

ಆ ಪಂದ್ಯ ಡ್ರಾ ಆಗಿತ್ತು. ಸರಣಿ ಮುಗಿಯಲು ಇನ್ನೊಂದು ಟೆಸ್ಟ್ ಬಾಕಿಯಿತ್ತು. "ಗಾಯ ಮಾಯಲಿ, ಒಂದು ದೊಡ್ಡ ಗೆಲುವಿನ ನಂತರ ಹಾರ ತುರಾಯಿಗಳೊಂದಿಗೆ ಹೋಗೋಣ" ಎಂದು ಅವರು ಕಾಯಬಹುದಿತ್ತು. ಮುಂದಿನ ಪಂದ್ಯಕ್ಕೆ ಈ ಕೈ ಪೂರ್ತಿ ಒದಗುವುದಿಲ್ಲ ಎಂದು ಕಂಡಾಗ ಜಾಗ ಬಿಟ್ಟರು. ನಾಗಪುರದಲ್ಲಿ ಸರಣಿ ಗೆದ್ದ ಧೋನಿ, ಟ್ರೋಫಿ ಎತ್ತಲು ಕುಂಬ್ಳೆಯವರನ್ನೂ ವೇದಿಕೆಗೆ ಕರೆದರು. ಜಾಗ ಬಿಟ್ಟವರನ್ನು ಜನ ಮರೆತುಬಿಡುತ್ತಾರೆ ಎಂಬ ಭಯಕ್ಕೆ ಅದೊಂದು ಉತ್ತರ.

ಇನ್ನು ಹೆಣ್ಣುಮಕ್ಕಳ ವಿಷಯ. ಮೇರಿ ಕೋಮ್ ಅವರಿಗೆ "ಬಿಡು" ಎಂಬ ಮಾತು ಎರಡು ಸಲ ಬಂತು. ಮೊದಲ ಸಲ 2005ರಲ್ಲಿ ಮದುವೆಯಾಗಿ, 2007ರಲ್ಲಿ ಅವಳಿ ಮಕ್ಕಳ ತಾಯಿಯಾದಾಗ. ಆಗ ಅವರ ತೋಳಿನ ಬಲ ಕುಂದಿದೆಯೇ ಎಂದು ಯಾರೂ ಪರೀಕ್ಷಿಸಲಿಲ್ಲ. ಕೊರಳಿಗೆ ತಾಳಿ, ಕಂಕುಳಲ್ಲಿ ಕೂಸು ಬಂದರೆ ಹೆಂಗಸಿನ ಆಟ ಮುಗಿಯಿತೆಂದು ನಮ್ಮ ಸಮಾಜ ತಾನೇ ಗಂಟೆ ಬಾರಿಸುತ್ತದೆ. ಮೇರಿ ಆ ಗಂಟೆ ಕೇಳಿಸಿಕೊಳ್ಳದೆ 2008ರಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದರು. 2018ರಲ್ಲಿ ಆರನೆಯ ಸಲ ಆದರು. 2014ರಲ್ಲಿ ಬಂದ ಅವರ ಜೀವನದ ಸಿನಿಮಾ 2008ರ ಗೆಲುವಿಗೇ ನಿಂತುಬಿಡುತ್ತದೆ. ಕಣ್ಣೊರೆಸಿಕೊಂಡು ಮನೆಗೆ ಹೋಗಲು ಅಷ್ಟು ಸಾಕು, ಆದರೆ ಕಷ್ಟದ ಪ್ರಶ್ನೆ ಅಲ್ಲಿಂದ ಮುಂದಿದೆ.

2019ರಲ್ಲಿ ನಮ್ಮ ಪಕ್ಕದ ತೆಲಂಗಾಣದ ಹುಡುಗಿ ನಿಖತ್ ಝರೀನ್, ಟೋಕಿಯೊ ಒಲಿಂಪಿಕ್ಸ್ ಅರ್ಹತಾ ಪಂದ್ಯಕ್ಕೆ ಮೇರಿಯನ್ನು ನೇರವಾಗಿ ಆರಿಸದೆ ತನ್ನೊಡನೆ ಸ್ಪರ್ಧೆ ಇಡಬೇಕೆಂದು ಕೇಳಿದಳು. ಸ್ಪರ್ಧೆ ನಡೆಯಿತು, ಮೇರಿ 9-1ರಿಂದ ಗೆದ್ದರು, ಸೋತ ಹುಡುಗಿಗೆ ಕೈ ಕುಲುಕದೆ ಹೋದರು. ಅಂದು ಅವರ ತೋಳಿನಲ್ಲಿ ಬಲವಿತ್ತು, ಆದ್ದರಿಂದ ಆಡಿದ್ದು ತಪ್ಪಲ್ಲ. ಆದರೆ ಎದುರು ನಿಂತ ಹುಡುಗಿಯನ್ನು ಶತ್ರುವಿನಂತೆ ಕಂಡದ್ದು ನನಗೆ ಹಿಡಿಸಲಿಲ್ಲ. ಟೋಕಿಯೊದಲ್ಲಿ ಮೇರಿ ಪದಕಕ್ಕೆ ಮೊದಲೇ ಸೋತರು. 2022ರಲ್ಲಿ ನಿಖತ್ ವಿಶ್ವ ಚಾಂಪಿಯನ್ ಆದಳು.

ಇವನ್ನೆಲ್ಲ ಒಟ್ಟಿಗೆ ನೋಡಿದರೆ, ಬಿಡುವ ಹೊತ್ತನ್ನು ತಿಳಿಯಲು ಮೂರು ಪ್ರಶ್ನೆ ಸಾಕು ಎನಿಸುತ್ತದೆ. ಮೈ ತೆರುತ್ತಿರುವ ಬೆಲೆ ಎಷ್ಟು? ನಾನು ನಿಂತ ಜಾಗದ ಕೆಲಸ ನನ್ನಿಂದ ಪೂರ್ತಿ ಆಗುತ್ತಿದೆಯೆ? "ಇನ್ನೂ ಇರು" ಎನ್ನುವವರಿಗೆ ನನ್ನಿಂದ ಸಿಗುವುದೇನು? ಇವುಗಳಲ್ಲಿ ಗೆಲುವಿನ ಮಾತಿಲ್ಲ, ಹೆಸರಿನ ಮಾತೂ ಇಲ್ಲ. ಹೆಸರು ಕೆಡುವುದೆಂಬ ಚಿಂತೆ ನೋಡುವ ನಮ್ಮದು. ನಮ್ಮ ನೆನಪು ಚಂದವಾಗಿರಲಿ ಎಂದು ಇನ್ನೊಬ್ಬರ ದುಡಿಮೆ ನಿಲ್ಲಿಸುವ ಹಕ್ಕು ನಮಗೆಲ್ಲಿಂದ ಬಂತು?

ನನ್ನಂಥ ಶಿಕ್ಷಕಿಗೆ 60ಕ್ಕೆ ಸರಕಾರವೇ ದಿನ ಗೊತ್ತು ಮಾಡಿದೆ. ಶಹಾಬಾದಿನ ಫರಸಿ ಗಣಿಯಲ್ಲಿ ಕಲ್ಲು ಎತ್ತುವ ಹೆಣ್ಣುಮಗಳಿಗೆ ಸೊಂಟವೇ ದಿನ ಗೊತ್ತು ಮಾಡುತ್ತದೆ. ಅವಳಿಗೆ ಪಿಂಚಣಿಯೂ ಇಲ್ಲ, ಶಾಲೂ ಇಲ್ಲ. ಬಿಡುವ ಹೊತ್ತನ್ನು ತಾನೇ ಆರಿಸಿಕೊಳ್ಳುವ ಭಾಗ್ಯ ಕೆಲವರಿಗಷ್ಟೇ ಇದೆ. ಆ ಭಾಗ್ಯವಿದ್ದವರು ಅದನ್ನು ಹಾಳು ಮಾಡಿಕೊಳ್ಳಬಾರದು. ನಿವೃತ್ತಿಗೆ ಇನ್ನೂ ವರ್ಷಗಳಿದ್ದರೂ, ಮಧ್ಯಾಹ್ನದ ನಾಲ್ಕನೆಯ ತಾಸಿಗೆ ನನ್ನ ಗಂಟಲು ಕಟ್ಟುತ್ತದೆ. ಎಸ್ಸೆಸ್ಸೆಲ್ಸಿ ತರಗತಿ ಮಾತ್ರ ನನ್ನ ಬಳಿಯೇ ಇರಲಿ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಶಾಲೆಗೆ ಚಿಂಚೋಳಿ ಕಡೆಯಿಂದ ಬಂದ ಹೊಸ ಶಿಕ್ಷಕಿ ಚೆನ್ನಾಗಿ ಪಾಠ ಮಾಡುತ್ತಾಳೆ. ಈ ಜೂನ್‌ನಲ್ಲಿ ಆ ತರಗತಿಯ ಹಾಜರಿ ಪುಸ್ತಕವನ್ನು ಅವಳಿಗೆ ಕೊಡಿ ಎಂದು ಮುಖ್ಯೋಪಾಧ್ಯಾಯರಿಗೆ ಹೇಳಿದ್ದೇನೆ. ಅವಳು ಕೇಳಿದಾಗ ಪಕ್ಕದ ಕೋಣೆಯಲ್ಲಿ ನಾನಿರುತ್ತೇನೆ.