ಮನೆಗಾಡಿಯ ಪಟ್ಟಿಯಲ್ಲಿ ಯಾರ ಹೆಸರಿದೆ?

ಮಗಳು ನ್ಯೂಜಿಲೆಂಡಿನಿಂದ ಒಂಬತ್ತು ಪುಟದ ಪಟ್ಟಿಯೊಂದನ್ನು ಕಳಿಸಿದ್ದಾಳೆ. ಡಿಸೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಬೇಕು, ಮೂವರೂ ಸೇರಿ ಒಂದು ಮೋಟಾರ್‌ಹೋಮ್ ಬಾಡಿಗೆಗೆ ಹಿಡಿದು ಹನ್ನೆರಡು ದಿನ ದಕ್ಷಿಣ ದ್ವೀಪ ಸುತ್ತಬೇಕು ಎಂಬುದು ಅವಳ ಯೋಜನೆ. ಬೇಲೂರಿನ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಪಟ್ಟಿಯನ್ನು ಪ್ರಿಂಟ್ ತೆಗೆಸಿಕೊಂಡು ಬಂದೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಪಠ್ಯದ ಹಾಗೆ ಓದುವ ಚಾಳಿ. ಇದನ್ನೂ ಹಾಗೇ ಓದಿದೆ. ಓದುತ್ತ ಹೋದಂತೆ, ನಮ್ಮ ಪ್ರವಾಸ ಕಥನಗಳ ಮೇಲೆ ನನಗಿದ್ದ ಪ್ರೀತಿಯೊಳಗೆ ಒಂದು ಅನುಮಾನವೂ ಸೇರಿಕೊಂಡಿತು.

ವಿದೇಶ ಪ್ರವಾಸ ಕಥನಕ್ಕೆ ಕನ್ನಡದಲ್ಲಿ ಒಳ್ಳೆಯ ಪರಂಪರೆಯಿದೆ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, ಎ.ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’, ಜಿ.ಎಸ್. ಶಿವರುದ್ರಪ್ಪನವರ ‘ಮಾಸ್ಕೋದಲ್ಲಿ ಇಪ್ಪತ್ತೆರಡು ದಿನ’ ಇವೆಲ್ಲ ನಾನು ಮಕ್ಕಳಿಗೆ ಓದಿ ಎಂದು ಹೇಳುತ್ತಿದ್ದ ಪುಸ್ತಕಗಳು. ನಮ್ಮ ಹಾಸನ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮೂರ ಯಗಚಿ ಹೇಮಾವತಿಯನ್ನು ಸೇರುವುದು ಗೊರೂರಿನ ಹತ್ತಿರವೇ. ಆ ಪುಸ್ತಕ ತೆರೆದಾಗಲೆಲ್ಲ ಪಕ್ಕದ ಮನೆಯವರು ಹೋಗಿಬಂದು ಜಗಲಿಯ ಮೇಲೆ ಕೂತು ಹೇಳುತ್ತಿದ್ದಾರೆ ಅನ್ನಿಸುತ್ತದೆ.

ಈ ಪರಂಪರೆಯ ದೊಡ್ಡ ಬಲ ಬೆರಗು. ಬೆರಗಾಗಲು ಬಿಡುವು ಬೇಕು. ಬಿಡುವು ಸಿಗಬೇಕಾದರೆ ಊಟ, ಹಾಸಿಗೆ, ಮುಂದಿನ ಊರಿನ ದಾರಿ ಇವನ್ನು ಬೇರೆ ಯಾರಾದರೂ ನೋಡಿಕೊಳ್ಳಬೇಕು. ಮಕ್ಕಳೋ, ವಿಶ್ವವಿದ್ಯಾಲಯವೋ, ಕನ್ನಡ ಸಂಘವೋ, ಆಹ್ವಾನಿಸಿದ ಸರ್ಕಾರವೋ ಆ ಭಾರ ಹೊತ್ತಿರುತ್ತದೆ. ನಮ್ಮ ಪ್ರವಾಸಿ ಲೇಖಕ ಬಹುಪಾಲು ಅತಿಥಿ. ಅವನ ಹಾಸ್ಯ, ವಿನಯ, ಹೋಲಿಕೆಗಳು ಹುಟ್ಟುವುದೇ ಅತಿಥಿಯ ಕುರ್ಚಿಯಲ್ಲಿ. ಇದನ್ನು ದೋಷ ಎನ್ನಲಾರೆ. ಆದರೆ ಆ ಕುರ್ಚಿಯಿಂದ ಹಿತ್ತಿಲು ಕಾಣುವುದಿಲ್ಲ.

ಮೋಟಾರ್‌ಹೋಮ್ ಆ ಕುರ್ಚಿಯನ್ನು ಕಿತ್ತುಕೊಳ್ಳುತ್ತದೆ. ನಮಗೆ ಇದು ತೀರಾ ಹೊಸದೇನಲ್ಲ. ಕಮಾನು ಗಾಡಿ ಕಟ್ಟಿಕೊಂಡು, ಅಕ್ಕಿ, ಬೇಳೆ, ಪಾತ್ರೆ, ಹೊದಿಕೆ ತುಂಬಿಕೊಂಡು ಜಾತ್ರೆಗೆ ಹೊರಡುತ್ತಿದ್ದವರಿಗೂ ಮನೆ ಜೊತೆಯಲ್ಲೇ ಬರುತ್ತಿತ್ತು. ಅದಕ್ಕೇ ನಾನು ಇದನ್ನು ಮನೆಗಾಡಿ ಎನ್ನುತ್ತೇನೆ. ಮನೆ ಜೊತೆಗೆ ಬಂದರೆ ಮನೆಗೆಲಸವೂ ಬರುತ್ತದೆ. ಮಗಳ ಪಟ್ಟಿಯ ತುಂಬ ಇರುವುದು ಅದೇ.

ಮೊದಲ ಪುಟದಲ್ಲಿ ದಾರಿ: ಕ್ರೈಸ್ಟ್‌ಚರ್ಚ್, ಟೆಕಾಪೊ, ಕ್ವೀನ್ಸ್‌ಟೌನ್, ಟೆ ಅನಾವು. ಅಲ್ಲಿಂದ ಮಿಲ್ಫರ್ಡ್ ಸೌಂಡಿಗೆ ಸುಮಾರು 120 ಕಿ.ಮೀ., ನಡುವೆ 1954ರಲ್ಲಿ ತೆರೆದ ಹೋಮರ್ ಸುರಂಗ. ‘ನಮ್ಮಂತೆ ಅಲ್ಲೂ ಎಡಗಡೆ ಓಡಿಸುತ್ತಾರೆ, ಹೆದರಬೇಡಿ’ ಎಂದು ನನಗಾಗಿ ಒಂದು ಸಾಲು. ಎರಡನೆಯ ಪುಟದಲ್ಲಿ ತಿಂಡಿ: ಚಟ್ನಿಪುಡಿ, ಉಪ್ಪಿನಕಾಯಿ ಏನೇ ತಂದರೂ ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕು, ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಮೂರನೆಯ ಪುಟದಿಂದ ಕೆಲಸಗಳ ಹಂಚಿಕೆ. ಇಲ್ಲಿಂದ ಪಠ್ಯ ಬಿಗಿಯಾಗುತ್ತದೆ.

‘ಅಡುಗೆ’ ಎಂಬ ಕಡೆ ಮಗಳು ಯಾರ ಹೆಸರನ್ನೂ ಬರೆದಿರಲಿಲ್ಲ. ನಾನು ಓದಿ ಹೇಳುತ್ತಿದ್ದಾಗ ಹೆಂಡತಿ ಹುರುಳಿಕಾಯಿ ಸೋಸುತ್ತಿದ್ದಳು. ತಲೆ ಎತ್ತದೆ ಕೇಳಿದಳು: ‘ಅಲ್ರೀ, ಅಷ್ಟು ದೂರ ಹೋಗಿ ಅಲ್ಲೂ ನಾನೇ ಬೇಯಿಸೋದಾ?’ ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟೆಲ್ಲ ಪ್ರವಾಸ ಕಥನ ಓದಿದ್ದರೂ ಈ ಪ್ರಶ್ನೆಯನ್ನು ನಾನು ಯಾವತ್ತೂ ಆ ಪುಸ್ತಕಗಳಿಗೆ ಕೇಳಿರಲಿಲ್ಲ ಎಂದು ಆಗ ಹೊಳೆಯಿತು. ನನ್ನ ನೆನಪಿನಲ್ಲಿ ಉಳಿದಿರುವುದು ಸೇತುವೆ, ಜಲಪಾತ, ಗ್ರಂಥಾಲಯ. ಬೆಳಿಗ್ಗೆ ಎದ್ದು ಕಾಫಿ ಕಾಸಿದವರು ಯಾರೂ ಉಳಿದಿಲ್ಲ. ಲೇಖಕರು ಬರೆದಿರಲೂಬಹುದು, ನಾನು ಓದಿಕೊಂಡಿಲ್ಲ. ಆ ತಪ್ಪು ಓದುಗನಾದ ನನ್ನದೂ ಹೌದು.

ಇನ್ನೊಂದು ಸಾಲು ಇನ್ನೂ ಕಠಿಣ. ಅಲ್ಲಿನ 2023ರ ಕಾನೂನಿನ ಪ್ರಕಾರ, ಸ್ವಯಂಪೂರ್ಣ ಎನ್ನಿಸಿಕೊಳ್ಳುವ ಗಾಡಿಯಲ್ಲಿ ಕದಲದಂತೆ ಕೂರಿಸಿದ ಶೌಚಾಲಯ ಇರಲೇಬೇಕು. ಅದರ ಪೆಟ್ಟಿಗೆಯನ್ನು ಆಗಾಗ ಹೊರಗೆ ಎಳೆದು, ನಿಗದಿತ ಜಾಗಕ್ಕೆ ಒಯ್ದು, ಸುರಿದು, ತೊಳೆಯಬೇಕು. ಆ ಕೆಲಸದ ಮುಂದೆ ಮಗಳು ಬರೆದಿದ್ದು: ‘ಅಪ್ಪ’. ಓದಿದ ಕೂಡಲೇ ನನ್ನ ಮುಖ ಹೇಗಾಯಿತೋ, ಹೆಂಡತಿ ನಕ್ಕಳು. ನಾನು ನಗಲಿಲ್ಲ. ದುಡ್ಡು ಕೊಟ್ಟರೆ ಮಾಡಿಕೊಡುವವರು ಸಿಗುತ್ತಾರೆಯೇ ಎಂದು ಮಗಳನ್ನು ಕೇಳಬೇಕು ಅಂದುಕೊಂಡೆ. ಅಂದುಕೊಂಡ ಮರುಕ್ಷಣ ನಾಚಿಕೆಯಾಯಿತು.

ಬಿ. ಬಸವಲಿಂಗಪ್ಪನವರು ನೆನಪಾದರು. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಅವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬರ್ಥದ ಮಾತಾಡಿ ರಾಜೀನಾಮೆಗೂ ಗುರಿಯಾದರು. ತರಗತಿಯಲ್ಲಿ ನಾನು ಈ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿಯೇ ಹೇಳುತ್ತಿದ್ದೆ: ಒಂದು ಆಡಳಿತ, ಇನ್ನೊಂದು ಸಾಹಿತ್ಯ ಚರಿತ್ರೆ. ಮಗಳ ಪಟ್ಟಿ ಎದುರಿಗಿರುವಾಗ ಅವೆರಡೂ ಒಂದೇ ಮಾತು ಅನ್ನಿಸುತ್ತಿದೆ. ಒಂದು ಸಮಾಜ ಯಾರಿಂದಲೋ ಮಾಡಿಸಿಕೊಂಡು ಮರೆತ ಕೆಲಸ ಅದರ ಸಾಹಿತ್ಯದಲ್ಲೂ ಮರೆಯಾಗಿಯೇ ಇರುತ್ತದೆ.

ಬದಲಾವಣೆ ಆಗಿಲ್ಲವೆಂದಲ್ಲ. ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ನನಗೆ ಮುಖ್ಯ ಅನ್ನಿಸುವುದು ಇದಕ್ಕೇ. ಅಲ್ಲಿ ಹೆಣ್ಣು ಯಾರದೋ ಜೊತೆಗೆ ಹೋದವಳಲ್ಲ. ಹೊರಟವಳು, ಹೊಂದಿಸಿಕೊಂಡವಳು, ಬರೆದವಳು ಎಲ್ಲವೂ ಅವಳೇ. ಹೊರಡುವ ಮುಂಚಿನ ಹಣದ ಲೆಕ್ಕ, ಭಯ, ಮನೆಯವರ ಜೊತೆಗಿನ ಚೌಕಾಸಿ ಇವನ್ನು ಕಥನದ ಹೊರಗಿಡುವುದು ಇನ್ನು ಕಷ್ಟ. ಈಗ ಬರೆಯುವ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ: ಜಲಪಾತದ ಚಿತ್ರ ಎಲ್ಲರ ಫೋನಿನಲ್ಲೂ ಇದೆ, ನಿಮ್ಮ ಪಟ್ಟಿಯನ್ನು ಬರೆಯಿರಿ. ಯಾವ ಕೆಲಸದ ಮುಂದೆ ಯಾರ ಹೆಸರಿತ್ತು, ಯಾವುದನ್ನು ಹೊಡೆದು ಹಾಕಿದಿರಿ ಎಂದು ಬರೆಯಿರಿ.

ಹೆಸರು ಬರೆಯುವುದು ನಮ್ಮೂರಿಗೆ ಹೊಸದಲ್ಲ. ಚೆನ್ನಕೇಶವ ದೇವಾಲಯದ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳಿವೆ. ಬರುವ ಪ್ರವಾಸಿಗರು ಜಕಣಾಚಾರಿಯ ಕತೆ ಕೇಳಿಕೊಂಡು, ಫೋಟೊ ತೆಗೆದುಕೊಂಡು, 16 ಕಿ.ಮೀ. ದೂರದ ಹಳೇಬೀಡಿಗೆ ಅವಸರದಲ್ಲಿ ಹೊರಡುತ್ತಾರೆ. ಆ ಅಕ್ಷರಗಳ ಕಡೆ ಬಗ್ಗಿ ನೋಡುವವರು ಕಡಿಮೆ.

ನಿನ್ನೆ ಪಟ್ಟಿಯನ್ನು ತಿದ್ದಿ ಮಗಳಿಗೆ ವಾಪಸ್ಸು ಕಳಿಸಿದೆ. ‘ಅಡುಗೆ’ಯ ಮುಂದೆ ಸರದಿಯ ಮೇಲೆ ಮೂವರ ಹೆಸರು ಹಾಕಿದ್ದೇನೆ. ನನ್ನ ಪಾಳಿಯ ದಿನ ಉಪ್ಪಿಟ್ಟಿಗಿಂತ ಹೆಚ್ಚಿನದನ್ನು ಯಾರೂ ನಿರೀಕ್ಷಿಸಬಾರದು ಎಂದೂ ಬರೆದಿದ್ದೇನೆ. ‘ಅಪ್ಪ’ ಎಂದಿದ್ದ ಆ ಇನ್ನೊಂದು ಸಾಲನ್ನು ಇದ್ದ ಹಾಗೇ ಬಿಟ್ಟಿದ್ದೇನೆ.