ಮೆಟ್ರೊ ಬೆಳಕಿನ ದೇವರುಗಳು

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಫೋಟೊ ಅಂಗಡಿಗಳಲ್ಲಿ ರಾಧೆಯ ಹುಬ್ಬು ಸಿನಿಮಾ ನಟಿಯದರಂತೆ ತೆಳ್ಳಗೆ ಬಾಗಿರುತ್ತದೆ. ಕೊಳ್ಳುವವರಿಗೆ ಅದು ವಿಚಿತ್ರ ಅನ್ನಿಸುವುದಿಲ್ಲ, ಅಷ್ಟು ಒಗ್ಗಿಹೋಗಿದೆ. ಹೀಗೆ ಒಗ್ಗಿಸಿದವರಲ್ಲಿ ದೊಡ್ಡ ಹೆಸರು ಪಕ್ಕದ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಕಲಾವಿದ ಎಸ್.ಎಂ. ಪಂಡಿತರದು.

ಅಮೆರಿಕದ ಎಂಜಿಎಂ ಕಂಪನಿ 1938ರಲ್ಲಿ ಮುಂಬೈಯಲ್ಲಿ ಮೆಟ್ರೊ ಚಿತ್ರಮಂದಿರ ತೆರೆಯಿತು. ಪಂಡಿತರು ಅದರ ಚಿತ್ರಗಳಿಗೆ ಪ್ರಚಾರದ ಷೋಕಾರ್ಡ್ ಬರೆದುಕೊಟ್ಟರು. ಹೊರದೇಶದ ಚಿತ್ರವನ್ನು ಊರಿನ ಕಣ್ಣಿಗೆ ಹೊಂದಿಸುವ ಈ ಕಸುಬು ಆಸ್ಟ್ರೇಲಿಯದಲ್ಲೂ ಇತ್ತು. ಅಲ್ಲಿನ ‘ಡೇಬಿಲ್’ ಪೋಸ್ಟರು ಸುಮಾರು 13 ಇಂಚು ಅಗಲ, 30 ಇಂಚು ಉದ್ದ. ಅಮೆರಿಕದ್ದು 27 ಇಂಚು ಅಗಲ, 41 ಇಂಚು ಉದ್ದ. ಹಾಗಾಗಿ ಲಿಥೊ ಕಲಾವಿದರು ಗುಂಪು, ಹಿನ್ನೆಲೆ ಎಲ್ಲ ಕತ್ತರಿಸಿ, ನಾಲ್ಕಾರು ಬಣ್ಣಗಳಲ್ಲಿ ಮತ್ತೆ ಬರೆಯುತ್ತಿದ್ದರು. ಎಷ್ಟೋ ಸಲ ನಾಯಕನ ಮುಖವೇ ಬೇರೆಯವರದಾಗುತ್ತಿತ್ತು! ಆದರೂ ಏನನ್ನು ಬಿಡಬೇಕೆಂದು ತಿಳಿದ ಕೈ ಅದು.

ಪಂಡಿತರು ಹಾಲಿವುಡ್ಡಿನಿಂದ ತಂದದ್ದು ಮುಖ್ಯವಾಗಿ ಬೆಳಕು. ಅವರ ಪೌರಾಣಿಕ ಚಿತ್ರಗಳನ್ನು ಹತ್ತಿರದಿಂದ ನೋಡಬೇಕು: ಹಿಂದಿನಿಂದ ಬಿದ್ದ ಬೆಳಕು ಕೂದಲಂಚಿಗೆ, ಭುಜದ ದುಂಡಿಗೆ ಹೊಳಪಿನ ಗೆರೆ ಎಳೆಯುತ್ತದೆ, ಕೆನ್ನೆಯ ಒಂದು ಬದಿ ನೀಲಿ ನೆರಳಿಗೆ ಜಾರುತ್ತದೆ. ಮೈಸೂರು, ತಂಜಾವೂರು ಶೈಲಿಯ ದೇವರಿಗೆ ಇಂಥ ನೆರಳಿರಲಿಲ್ಲ. ರವಿವರ್ಮ ನೆರಳು ತಂದರು, ಆದರೆ ಅದು ಹಗಲಿನದು. ಪಂಡಿತರದು ಸ್ಟುಡಿಯೊ ದೀಪದ್ದು. ಶಿವನಿಗೆ, ಭೀಮನಿಗೆ ಅದು ಚೆನ್ನಾಗಿ ಕೂಡಿಬಂತು; ಮಾಂಸಖಂಡಕ್ಕೆ ಭಾರ ಬಂತು. ದೇವಿಯರ ವಿಷಯದಲ್ಲಿ ನನಗೆ ತಕರಾರಿದೆ. ಪಾರ್ವತಿಯೂ ಶಕುಂತಲೆಯೂ ಅಕ್ಕತಂಗಿಯರಂತೆ ಕಾಣುತ್ತಾರೆ. ಮುಂದೆ ನಕಲು ಮಾಡಿದವರ ಕೈಯಲ್ಲಿ ಬೆಳಕು ಮಾಯವಾಗಿ ತುಟಿಯ ಕೆಂಪು ಮಾತ್ರ ಉಳಿಯಿತು.

ಈ ಪೋಸ್ಟರ್ ಬುದ್ಧಿ ಎಡವುವುದು ಬಸವಕಲ್ಯಾಣದಲ್ಲಿ. ಅಲ್ಲಿ ಮಾರುವ, ಬಸವಣ್ಣನ ಅನುಭವ ಮಂಟಪವನ್ನು ತೋರಿಸುವ ಹಲವು ಚಿತ್ರಗಳಲ್ಲಿ (ಇವು ಪಂಡಿತರವಲ್ಲ) ನಾಯಕನಟನಿಗೆ ಬಿಡುವಂತೆ ಒಂದೇ ಮುಖಕ್ಕೆ ಪ್ರಭೆ. ಸುತ್ತ ಕುಳಿತ ಶರಣರು ಮಬ್ಬಿನಲ್ಲಿ. ಅನುಭವ ಮಂಟಪವೆಂದರೆ ಮಾತು ಕೂಡಿದ ಜಾಗ. ಶೂನ್ಯ ಸಿಂಹಾಸನದ ಮೇಲಿದ್ದವನೂ ಅಲ್ಲಮ, ಬಸವಣ್ಣನಲ್ಲ. ಅಕ್ಕಮಹಾದೇವಿ ಉತ್ತರಿಸುವಾಗ ಅವಳ ಮುಖ ಕಾಣದಿದ್ದರೆ ಆ ಚಿತ್ರ ತೋರಿಸುವುದೇನು? ಮುದ್ರಣ ಒರಟಾಗಿದ್ದರೂ ಎಲ್ಲರ ಮೇಲೂ ಸಮನಾಗಿ ಬಣ್ಣ ಬಳಿದ ಅಗ್ಗದ ಪ್ರತಿಯನ್ನೇ ನಾನು ಆರಿಸಿಕೊಳ್ಳುತ್ತೇನೆ.