ಕಾಮೆಂಟ್ ಹೊಡೆಯುವ ಮುನ್ನ

ಇಂಗ್ಲಿಷಿನಿಂದ ಬಂದು ನಮ್ಮ ನಾಲಿಗೆಯಲ್ಲಿ ನೆಲೆನಿಂತ ಪದಗಳಲ್ಲಿ ‘ಕಾಮೆಂಟ್’ ಕೂಡ ಒಂದು. ಶಾಲೆಯ ಮೆಟ್ಟಿಲು ಹತ್ತದವರಿಗೂ ಅದರ ಅರ್ಥ ಗೊತ್ತು. ಆದರೆ ಒಂದು ಪದದ ನಿಜವಾದ ಅರ್ಥ ತಿಳಿಯಬೇಕಾದರೆ ನಿಘಂಟನ್ನು ನೋಡಿದರೆ ಸಾಲದು, ಅದರ ಪಕ್ಕದಲ್ಲಿ ಜನ ಯಾವ ಕ್ರಿಯಾಪದವನ್ನು ಕೂರಿಸಿದ್ದಾರೆಂದೂ ನೋಡಬೇಕು. ಇಂಗ್ಲಿಷಿನಲ್ಲಿ ಕಾಮೆಂಟನ್ನು ‘ಮಾಡುತ್ತಾರೆ’. ನಾವು ಅದನ್ನು ‘ಹೊಡೆಯುತ್ತೇವೆ’.

ಅಜ್ಜೀಪುರದ ಸುತ್ತಿನ ಸೀಮೆಯನ್ನೇ ತೆಗೆದುಕೊಳ್ಳೋಣ. ಹಿಂದೆ ಕೊಳ್ಳೇಗಾಲ ತಾಲ್ಲೂಕಿನಲ್ಲಿದ್ದು ಈಗ ಹನೂರು ತಾಲ್ಲೂಕಿಗೆ ಸೇರಿರುವ ಈ ಪ್ರದೇಶ 1956ರವರೆಗೆ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಹಾಗಾಗಿ ಇಲ್ಲಿ ಕನ್ನಡದ ಜೊತೆಗೆ ತಮಿಳೂ ಉಂಟು, ಮುಸ್ಲಿಮರ ಮನೆಗಳಲ್ಲಿ ದಖನಿ ಉರ್ದುವೂ ಉಂಟು. ತಮಿಳರು ‘ಕಮೆಂಟ್ ಅಡಿಕ್ಕಿರದು’ ಎನ್ನುತ್ತಾರೆ. ಉರ್ದುವಿನವರು ‘ಕಾಮೆಂಟ್ ಮಾರ್ನಾ’ ಎನ್ನುತ್ತಾರೆ. ಹೊಡೆ, ಅಡಿ, ಮಾರ್ - ಮೂರರ ಅರ್ಥವೂ ಒಂದೇ. ಈ ಕಡೆಯ ಆಡುಮಾತಿನಲ್ಲಿ ‘ಹ’ಕಾರ ಬಿದ್ದುಹೋಗುವುದರಿಂದ ‘ಹೊಡೆಯೋದು’ ‘ಒಡೆಯೋದು’ ಆಗಿಬಿಡುತ್ತದೆ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆ ಬಲ್ಲವರಿಗೆ ಈ ಉಚ್ಚಾರಣೆಯೇ ಹೆಚ್ಚು ಸರಿಯೆನಿಸಬಹುದು.

ಮೂರು ಭಾಷೆಗಳ ಜನ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಕ್ರಿಯಾಪದಕ್ಕೆ ಬಂದಿದ್ದಾರೆಂದರೆ ಅದು ಆಕಸ್ಮಿಕವಲ್ಲ. ಅದು ಹೊಡೆತ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಅದನ್ನು ಹಗುರವಾಗಿ ಕಾಣುತ್ತೇವೆ. ಹಳ್ಳಿಯಿಂದ ಕೊಳ್ಳೇಗಾಲದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಹುಡುಗಿಯೊಬ್ಬಳ ಮೈಬಣ್ಣ, ನಡಿಗೆ, ಆಕೆಯ ತಲೆಯ ಮೇಲಿನ ದುಪಟ್ಟಾ, ಎಲ್ಲದರ ಬಗ್ಗೆಯೂ ನಿಲ್ದಾಣದ ಕಟ್ಟೆಯಿಂದ ಮಾತುಗಳು ಹಾರಿಬರುತ್ತವೆ. ಆಕೆ ಮನೆಗೆ ಬಂದು ದೂರಿದರೆ ಸಿಗುವ ಉತ್ತರವೇನು? ‘ಬರೀ ಕಾಮೆಂಟ್ ತಾನೇ, ಕಿವಿಗೆ ಹಾಕಿಕೊಳ್ಳಬೇಡ.’ ದೂರು ಎರಡನೇ ಬಾರಿ ಬಂದರೆ ಹುಡುಗರನ್ನು ತಡೆಯುವ ಬದಲು ಹುಡುಗಿಯ ಓದನ್ನೇ ನಿಲ್ಲಿಸುವ ಮನೆಗಳೂ ನಮ್ಮಲ್ಲಿವೆ. ‘ಬರೀ’ ಎಂಬ ಆ ಒಂದು ಮಾತಿಗೆ ತೆತ್ತ ಬೆಲೆ ಎಷ್ಟು ಎಂದು ಲೆಕ್ಕ ಹಾಕುವವರು ಯಾರು?

ಕಾನೂನು ಇದನ್ನು ಹಗುರವಾಗಿ ಕಂಡಿಲ್ಲ. 2013ರ ತಿದ್ದುಪಡಿಯ ಮೂಲಕ ಭಾರತೀಯ ದಂಡ ಸಂಹಿತೆಗೆ 354ಎ ಸೆಕ್ಷನ್ ಸೇರಿದಾಗ, ಹೆಣ್ಣಿನ ಕುರಿತು ಲೈಂಗಿಕ ಧ್ವನಿಯ ಮಾತನಾಡುವುದನ್ನೂ ಲೈಂಗಿಕ ಕಿರುಕುಳವೆಂದು ಪರಿಗಣಿಸಲಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್‌ನಲ್ಲೂ ಅದು ಉಳಿದಿದೆ. ಶಿಕ್ಷೆ ಒಂದು ವರ್ಷದವರೆಗಿನ ಸೆರೆವಾಸ, ಅಥವಾ ದಂಡ, ಅಥವಾ ಎರಡೂ. ಕಟ್ಟೆಯ ಮೇಲೆ ಕುಳಿತವರು ಕಾಮೆಂಟ್ ಎನ್ನುವುದಕ್ಕೆ ಕಾನೂನಿನ ಪುಸ್ತಕದಲ್ಲಿರುವ ಹೆಸರು ಅಪರಾಧ.

ಈ ಪದ ಮಾಡುವ ಅನ್ಯಾಯ ಇನ್ನೊಂದಿದೆ. ಗ್ರಾಮಸಭೆಯಲ್ಲಿ ಎದ್ದುನಿಂತು ನಲ್ಲಿಗೆ ನೀರು ಏಕೆ ಬರಲಿಲ್ಲವೆಂದು ಕೇಳಿದವನಿಗೆ ‘ಸುಮ್ಮನೆ ಕಾಮೆಂಟ್ ಮಾಡಬೇಡ’ ಎನ್ನಲಾಗುತ್ತದೆ. ಜಮಾಅತ್‌ನ ಲೆಕ್ಕಪತ್ರ ಕೇಳಿದವನಿಗೂ ಅದೇ ಉತ್ತರ. ಹೀಗೆ ಒಂದೇ ಪದ ನಿಂದಕನಿಗೆ ಆಶ್ರಯ ಕೊಟ್ಟು ಪ್ರಶ್ನಿಸುವವನ ಬಾಯಿ ಮುಚ್ಚಿಸುತ್ತದೆ. ತಡೆಯಬೇಕಾದ ಮಾತು ತಮಾಷೆಯೆನಿಸುತ್ತದೆ, ಕೇಳಲೇಬೇಕಾದ ಮಾತು ಉದ್ಧಟತನವೆನಿಸುತ್ತದೆ.

ಇನ್ನೊಬ್ಬರ ಮಾತಿನ ಮೇಲೆ ಮಾತಾಡುವುದು ಎಂದೂ ಹೀಗೇ ಇತ್ತೇ? ಇಲ್ಲ. ‘ಟೀಕೆ’ ಎಂಬ ಪದವನ್ನೇ ನೋಡಿ. ಇಂದು ಟೀಕೆಯೆಂದರೆ ತಪ್ಪು ಹುಡುಕುವುದು. ಮೂಲದಲ್ಲಿ ಟೀಕೆಯೆಂದರೆ ಕಠಿಣವಾದುದನ್ನು ಬಿಡಿಸಿ ಹೇಳುವುದು. ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆ ಬರೆದ ಜಯತೀರ್ಥರನ್ನು ‘ಟೀಕಾಚಾರ್ಯ’ರೆಂದೇ ಗೌರವದಿಂದ ಕರೆದರು. ಕಾಳಿದಾಸನ ಕಾವ್ಯಗಳಿಗೆ ಮಲ್ಲಿನಾಥ ಬರೆದ ಟೀಕೆಯ ಹೆಸರು ‘ಸಂಜೀವಿನಿ’.

ಕಾಮೆಂಟ್‌ನ ಸ್ವಂತ ಕುಲದಲ್ಲೂ ಇಂಥ ಗೌರವವಿತ್ತು. 12ನೇ ಶತಮಾನದ ಸ್ಪೇನಿನ ಕೊರ್ಡೋಬಾದ ಇಬ್ನ್ ರುಶ್ದ್ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನ ಗ್ರಂಥಗಳಿಗೆ ಅರಬಿಯಲ್ಲಿ ವ್ಯಾಖ್ಯಾನ ಬರೆದರು. ಅವು ಲ್ಯಾಟಿನ್‌ಗೆ ಅನುವಾದಗೊಂಡಾಗ ಯುರೋಪಿನ ವಿದ್ವಾಂಸರು ಅವರ ಹೆಸರನ್ನೂ ಹೇಳದೆ ‘ಕಾಮೆಂಟೇಟರ್’ ಎಂದಷ್ಟೇ ಕರೆಯುತ್ತಿದ್ದರು. ಆ ಬಿರುದು ಇದ್ದುದು ಒಬ್ಬರಿಗೇ. ತಮ್ಮ ಧರ್ಮದವನಲ್ಲದ, ತಮಗಿಂತ ಸಾವಿರದೈನೂರು ವರ್ಷ ಹಿಂದಿನವನೊಬ್ಬನ ಮಾತನ್ನು ಅರ್ಥಮಾಡಿಕೊಳ್ಳಲು ಅವರು ಪಟ್ಟ ಶ್ರಮಕ್ಕೆ ಸಂದ ಹೆಸರದು.

ಕನ್ನಡದ ಕಚೇರಿಗಳಲ್ಲಿ ಕಾಮೆಂಟ್‌ಗೆ ಸಮನಾದ ಇನ್ನೊಂದು ಪದವಿದೆ: ‘ಷರಾ’. ಸರ್ಕಾರಿ ನಮೂನೆಗಳ ಕೊನೆಯ ಅಂಕಣದಲ್ಲಿ, ಕಡತದ ಅಂಚಿನಲ್ಲಿ ಬರೆಯುವುದು ಷರಾ. ಮರಾಠಿಯಲ್ಲಿ ಅದು ‘ಶೇರಾ’. ತಮಿಳಿನ ಹಳೆಯ ಕಚೇರಿ ಭಾಷೆಯಲ್ಲೂ ಅದುಂಟು. ಮೂಲ ಅರಬಿಯ ‘ಶರಹ್’. ಅದರ ಧಾತುವಿಗೆ ತೆರೆಯುವುದು, ವಿಶಾಲಗೊಳಿಸುವುದು ಎಂಬ ಅರ್ಥ. ಕುರ್‌ಆನಿನ 94ನೇ ಅಧ್ಯಾಯದ ಆರಂಭದಲ್ಲಿ ಎದೆಯನ್ನು ತೆರೆಯುವ ಪ್ರಸ್ತಾಪವಿರುವುದು ಇದೇ ಧಾತುವಿನಿಂದ. ಸಹೀಹುಲ್ ಬುಖಾರಿಗೆ ಇಬ್ನ್ ಹಜರ್ ಅಸ್ಕಲಾನಿ ಬರೆದ ಶರಹ್ ‘ಫತ್‌ಹುಲ್ ಬಾರಿ’ ಮುಗಿಯಲು ಸುಮಾರು 25 ವರ್ಷ ಹಿಡಿಯಿತು. ಇಂದು ನಮ್ಮ ಕಡತಗಳಲ್ಲಿ ‘ತಿರಸ್ಕರಿಸಲಾಗಿದೆ’ ಎಂಬ ಒಂದೇ ಸಾಲಿನ ಷರಾ ಅರ್ಜಿಯನ್ನು ಮುಚ್ಚಿಹಾಕುತ್ತದೆ. ತೆರೆಯಲು ಹುಟ್ಟಿದ ಪದ ಮುಚ್ಚಲು ಬಳಕೆಯಾಗುತ್ತಿದೆ.

ಹಾಗೆಂದು ಕಾಮೆಂಟ್ ಪದವನ್ನು ಕನ್ನಡದಿಂದ ಓಡಿಸಬೇಕೆಂದು ನಾವು ವಾದಿಸುತ್ತಿಲ್ಲ. ಬಂದ ಪದಗಳು ಇರಲಿ. ಆದರೆ ನಮ್ಮ ಭಾಷೆಯಲ್ಲಿ ಹಂಗಿಸು, ಮೂದಲಿಸು, ಅಣಕಿಸು, ಹಳಿ, ಕಿಚಾಯಿಸು ಎಂದು ಒಂದೊಂದು ತಪ್ಪಿಗೂ ಒಂದೊಂದು ಹೆಸರಿತ್ತು. ಅಭಿಪ್ರಾಯ, ಆಕ್ಷೇಪ, ಪ್ರಶ್ನೆ, ಸಲಹೆಗಳಿಗೂ ಬೇರೆ ಬೇರೆ ಹೆಸರಿತ್ತು. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ್ದರಿಂದ ಕಲ್ಲು ಯಾವುದು, ಕಾಳು ಯಾವುದು ಎಂಬುದೇ ತಿಳಿಯದಾಗಿದೆ.

ನಮ್ಮ ಮನೆಯ ಹುಡುಗ ಬೀದಿಯಲ್ಲಿ ಹುಡುಗಿಯೊಬ್ಬಳ ಬಗ್ಗೆ ಆಡಿದ ಮಾತು ನಮ್ಮ ಕಿವಿಗೆ ಬಿದ್ದರೆ ಅದನ್ನು ಕಾಮೆಂಟ್ ಎನ್ನದೆ ಕಿರುಕುಳ ಎನ್ನೋಣ, ಅವನೆದುರಿಗೇ ಹಾಗೆನ್ನೋಣ. ಸಭೆಯಲ್ಲಿ ಯಾರಾದರೂ ಲೆಕ್ಕ ಕೇಳಿದರೆ ಅದನ್ನು ಪ್ರಶ್ನೆಯೆನ್ನೋಣ, ಉತ್ತರ ಕೊಡೋಣ. ಇಷ್ಟು ಮಾಡಲು ನಿಘಂಟು ತಿದ್ದಬೇಕಿಲ್ಲ.